ಒಳಗಿನವರೇ ಹಿಡಿದುಕೊಟ್ಟ ಬೇಹುಗಾರರು

1987ರ ಕೊನೆಯ ತಿಂಗಳುಗಳು. ವಾಷಿಂಗ್ಟನ್ ಹೊರವಲಯದ ಮನೆಯೊಂದರಲ್ಲಿ ಅಮೆರಿಕನ್ನರ ಸೋಗಿನಲ್ಲಿರುವ ಸೋವಿಯತ್ ಬೇಹುಗಾರ ಗಂಡ ಹೆಂಡತಿಯ ನಡುವೆ ಮಾತುಕತೆ ಹೆಚ್ಚುಕಡಿಮೆ ನಿಂತೇಹೋಗಿದೆ. ಗಂಡ ಫಿಲಿಪ್ ಬೇಹುಗಾರಿಕೆ ಬಿಟ್ಟು ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದಾನೆ, ಅದೂ ಸಾಲದಲ್ಲಿ ಮುಳುಗಿದೆ. ಹೆಂಡತಿ ಎಲಿಜಬೆತ್ ನಿದ್ದೆಗೆಟ್ಟು, ಸಿಗರೇಟಿನ ಮೇಲೆ ಸಿಗರೇಟು ಸೇದುತ್ತ, ಮಾಸ್ಕೋ ಹೊರಿಸಿದ ಕೆಲಸವನ್ನೆಲ್ಲ ಎಳೆಯುತ್ತಿದ್ದಾಳೆ. ಎಫ್‌ಎಕ್ಸ್ ವಾಹಿನಿಯ ‘ದಿ ಅಮೆರಿಕನ್ಸ್’ ಸರಣಿಯ ಆರನೆಯ ಹಾಗೂ ಕೊನೆಯ ಸೀಸನ್ ಶುರುವಾಗುವುದು ಹೀಗೆ. 2018ರ ಮಾರ್ಚ್ 28ರಿಂದ ಮೇ 30ರವರೆಗೆ ಪ್ರಸಾರವಾದ ಈ ಹತ್ತು ಕಂತುಗಳನ್ನು ನೋಡುವವರು, ಎಫ್‌ಬಿಐ ಯಾವಾಗ ಬಂದು ಬಾಗಿಲು ಬಡಿಯುತ್ತದೋ ಎಂದು ಉಸಿರು ಬಿಗಿಹಿಡಿದಿರುತ್ತಾರೆ. ಆದರೆ ಮೊದಲ ಕಂತಿನಲ್ಲೇ ಎಲಿಜಬೆತ್ ಮೇಲೆ ಕಣ್ಣಿಡುವ ಕೆಲಸ ಬರುವುದು ಅವಳ ಗಂಡನಿಗೆ. ಕೇಳಿಕೊಂಡು ಬರುವವನೂ ಮಾಸ್ಕೋ ಕಡೆಯವನೇ.

ಆ ಹೊತ್ತಿಗೆ ಅಮೆರಿಕದೊಂದಿಗಿನ ಕ್ಷಿಪಣಿ ಒಪ್ಪಂದದ ವಿಷಯದಲ್ಲಿ ಮಾಸ್ಕೋ ಎರಡು ಬಣವಾಗಿದೆ. 1987ರ ಡಿಸೆಂಬರ್ 8ರಂದು ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಸೋವಿಯತ್ ನಾಯಕ ಗೋರ್ಬಚೇವ್ ವಾಷಿಂಗ್ಟನ್‌ನಲ್ಲಿ ಸಹಿ ಹಾಕಿದ ಒಪ್ಪಂದ 500ರಿಂದ 5,500 ಕಿ.ಮೀ. ದೂರ ಹಾರಬಲ್ಲ, ನೆಲದಿಂದ ಉಡಾಯಿಸುವ ಕ್ಷಿಪಣಿಗಳನ್ನು ಪೂರ್ತಿ ನಿಷೇಧಿಸಿತು. 1991ರ ವೇಳೆಗೆ ಎರಡೂ ದೇಶ ಸೇರಿ 2,692 ಕ್ಷಿಪಣಿಗಳನ್ನು ನಾಶ ಮಾಡಿದವು. ಸರಣಿಯಲ್ಲಿ ಸೋವಿಯತ್ ಬೇಹುಗಾರಿಕೆ ಸಂಸ್ಥೆ ಕೆಜಿಬಿಯ ಕಟ್ಟಾ ಬಣವೊಂದು ಈ ಒಪ್ಪಂದದ ಮಾತುಕತೆಯನ್ನು ಕೆಡಿಸಿ ಗೋರ್ಬಚೇವರನ್ನು ಕೆಳಗಿಳಿಸಲು ಹವಣಿಸುತ್ತದೆ, ಎಲಿಜಬೆತ್‌ಳನ್ನು ಅವಳಿಗೇ ತಿಳಿಯದಂತೆ ಬಳಸಿಕೊಳ್ಳುತ್ತದೆ. ಸಂಚು ಕಥೆಗಾರರ ಕಲ್ಪನೆ, ಆದರೆ ಅದಕ್ಕೆ ಆಧಾರವಿತ್ತು. 1991ರ ಆಗಸ್ಟ್‌ನಲ್ಲಿ ಗೋರ್ಬಚೇವರನ್ನು ಕ್ರಿಮಿಯಾದ ವಿಶ್ರಾಂತಿಗೃಹದಲ್ಲಿ ಕೂಡಿಹಾಕಿದ ವಿಫಲ ದಂಗೆಯ ಮುಂಚೂಣಿಯಲ್ಲಿದ್ದವನು ಕೆಜಿಬಿ ಮುಖ್ಯಸ್ಥ ವ್ಲಾದಿಮಿರ್ ಕ್ರ್ಯೂಚ್‌ಕೋವ್. 1987ರಲ್ಲಿ ಇದೇ ಮನುಷ್ಯ ಕೆಜಿಬಿಯ ವಿದೇಶಿ ವಿಭಾಗವನ್ನು ನಡೆಸುತ್ತಿದ್ದ. ಎಲಿಜಬೆತ್‌ಳಂಥವರು ಸೇರಿದ್ದ ‘ಡೈರೆಕ್ಟರೇಟ್ ಎಸ್’ ಅವನ ಕೈಕೆಳಗಿತ್ತು.

ಡೈರೆಕ್ಟರೇಟ್ ಎಸ್‌ನವರಿಗೆ ರಾಯಭಾರ ಕಚೇರಿಯ ಹುದ್ದೆ, ರಾಜತಾಂತ್ರಿಕ ರಕ್ಷಣೆ ಯಾವುದೂ ಇರಲಿಲ್ಲ. ಎಳವೆಯಲ್ಲೇ ತೀರಿಕೊಂಡ ಯಾವುದೋ ಮಗುವಿನ ಜನನ ಪ್ರಮಾಣಪತ್ರ ಹಿಡಿದು, ಆ ಹೆಸರಿನಲ್ಲಿ ಪರದೇಶದಲ್ಲಿ ಬದುಕು ಕಟ್ಟಿಕೊಳ್ಳಬೇಕು. ನೆರೆಹೊರೆಯವರಿಗೂ ಎಷ್ಟೋ ಸಲ ಸ್ವಂತ ಮಕ್ಕಳಿಗೂ ಗುಟ್ಟು ಬಿಟ್ಟುಕೊಡುವಂತಿಲ್ಲ. ಹೊರಗಿನವರು ಇಂಥವರನ್ನು ಪತ್ತೆಹಚ್ಚುವುದು ಬಲು ಕಷ್ಟ. ಅಮೆರಿಕದಲ್ಲಿ ಹೆಸರಾದ ಮೂರು ಪ್ರಕರಣಗಳಲ್ಲೂ ಸುಳಿವು ಹೊರಬಿದ್ದದ್ದು ಅವರದೇ ಸಂಸ್ಥೆಯ ಒಳಗಿನಿಂದ.

ಮೊದಲ ಪ್ರಕರಣ: 1953ರಲ್ಲಿ ಬ್ರೂಕ್ಲಿನ್‌ನ ಪೇಪರ್ ಹುಡುಗನೊಬ್ಬನ ಕೈಗೆ ಬಂದ ಐದು ಸೆಂಟಿನ ನಾಣ್ಯ ಕೆಳಗೆ ಬಿದ್ದು ಎರಡು ಹೋಳಾಯಿತು. ಟೊಳ್ಳು ನಾಣ್ಯದೊಳಗೆ ಅಂಕಿಗಳ ಸಾಲಿದ್ದ ಪುಟಾಣಿ ಫೋಟೊ. ಎಫ್‌ಬಿಐ ನಾಲ್ಕು ವರ್ಷ ತಲೆ ಕೆರೆದುಕೊಂಡರೂ ಆ ಸಂಕೇತ ಬಿಡಿಸಲಾಗಲಿಲ್ಲ. 1957ರಲ್ಲಿ ಮಾಸ್ಕೋ ವಾಪಸು ಕರೆಸಿಕೊಂಡಿದ್ದ ಕುಡುಕ ಬೇಹುಗಾರ ರೈನೊ ಹೇಹನೆನ್ ದಾರಿಯಲ್ಲಿ ಪ್ಯಾರಿಸ್‌ನ ಅಮೆರಿಕನ್ ರಾಯಭಾರ ಕಚೇರಿಗೆ ಹೊಕ್ಕು ಶರಣಾದ ಮೇಲೆ ಗಂಟು ಬಿಚ್ಚಿತು. ನಾಣ್ಯದಲ್ಲಿದ್ದದ್ದು ಅವನಿಗೇ ಬಂದಿದ್ದ ಸ್ವಾಗತ ಸಂದೇಶ! ಅವನು ಕೊಟ್ಟ ಸುಳಿವಿನಿಂದ, ಬ್ರೂಕ್ಲಿನ್‌ನಲ್ಲಿ ಚಿತ್ರಕಾರನ ವೇಷದಲ್ಲಿದ್ದ ವಿಲಿಯಂ ಫಿಶರ್ ಸಿಕ್ಕಿಬಿದ್ದ. ಲೋಕ ಅವನನ್ನು ಅರಿತದ್ದು ರುಡಾಲ್ಫ್ ಏಬೆಲ್ ಎಂಬ ಹೆಸರಿನಿಂದ. 30 ವರ್ಷ ಸಜೆಯಾದ ಅವನನ್ನು 1962ರ ಫೆಬ್ರವರಿ 10ರಂದು ಬರ್ಲಿನ್ ಅಂಚಿನ ಗ್ಲೀನಿಕೆ ಸೇತುವೆಯ ಮೇಲೆ ಅಮೆರಿಕನ್ ಪೈಲಟ್ ಗ್ಯಾರಿ ಪವರ್ಸ್‌ಗೆ ಬದಲಾಗಿ ಬಿಟ್ಟುಕೊಟ್ಟರು.

ಎರಡನೆಯವನು ಪೂರ್ವ ಜರ್ಮನಿಯ ಆಲ್ಬ್ರೆಕ್ಟ್ ಡಿಟ್ರಿಕ್. 1978ರಲ್ಲಿ ಅಮೆರಿಕಕ್ಕೆ ಬಂದು, ತೀರಿಕೊಂಡ ಹುಡುಗನೊಬ್ಬನ ಹೆಸರು ಹೊತ್ತು ಜಾಕ್ ಬಾರ್ಸ್ಕಿಯಾದ. ಒಡನೆ ಹೊರಟು ಬರಬೇಕೆಂದು 1988ರಲ್ಲಿ ಮಾಸ್ಕೋ ಆಜ್ಞೆ ಕಳಿಸಿದಾಗ, ಅಮೆರಿಕದಲ್ಲಿ ಹುಟ್ಟಿದ ಪುಟ್ಟ ಮಗಳನ್ನು ಬಿಟ್ಟುಹೋಗಲು ಮನಸ್ಸಾಗದೆ, ತನಗೆ ಏಡ್ಸ್ ಬಂದಿದೆ ಎಂದು ಸುಳ್ಳು ಬರೆದು ಅಲ್ಲೇ ಉಳಿದುಬಿಟ್ಟ. ಅವನ ಸುಳಿವು ಸಿಕ್ಕಿದ್ದು ವಾಸಿಲಿ ಮಿತ್ರೋಖಿನ್‌ನಿಂದ. ಕೆಜಿಬಿ ದಾಖಲೆಕೋಣೆಯ ನೌಕರನಾಗಿದ್ದ ಮಿತ್ರೋಖಿನ್ ವರ್ಷಗಟ್ಟಲೆ ಗುಟ್ಟಾಗಿ ಕಡತಗಳನ್ನು ಟಿಪ್ಪಣಿ ಮಾಡಿ, ಊರಾಚೆಯ ಮನೆಯ ನೆಲದಡಿ ಬಚ್ಚಿಟ್ಟು, 1992ರಲ್ಲಿ ಬ್ರಿಟನ್ನಿಗೆ ಒಪ್ಪಿಸಿದ. ಎಫ್‌ಬಿಐ ಪೆನ್ಸಿಲ್ವೇನಿಯಾದಲ್ಲಿ ಬಾರ್ಸ್ಕಿಯ ಪಕ್ಕದ ಮನೆಯನ್ನೇ ಕೊಂಡುಕೊಂಡಿತು, ಅಡುಗೆಮನೆಯಲ್ಲಿ ಮೈಕ್ ಅಡಗಿಸಿತು. ಹೆಂಡತಿಯೊಂದಿಗೆ ಜಗಳವಾಡುವಾಗ ಅವನ ಬಾಯಿಂದಲೇ ಸತ್ಯ ಹೊರಬಿತ್ತು. 1997ರಲ್ಲಿ ಬಂಧನವಾಯಿತಾದರೂ ಜೈಲಾಗಲಿಲ್ಲ. ‘ದಿ ಅಮೆರಿಕನ್ಸ್’ನಲ್ಲೂ ಎಫ್‌ಬಿಐ ಅಧಿಕಾರಿ ಸ್ಟ್ಯಾನ್ ಬೀಮನ್ ಎದುರು ಮನೆಯಲ್ಲೇ ಇದ್ದಾನೆ. ವಿಚಿತ್ರವೆಂದರೆ ಸರಣಿ ಶುರುವಾದದ್ದು 2013ರಲ್ಲಿ, ಬಾರ್ಸ್ಕಿ ಟಿವಿಯಲ್ಲಿ ಕಾಣಿಸಿಕೊಂಡು ತನ್ನ ಕಥೆ ಹೇಳಿದ್ದು 2015ರಲ್ಲಿ.

ಸರಣಿಗೆ ನೇರ ಪ್ರೇರಣೆಯಾದದ್ದು ಮೂರನೆಯ ಪ್ರಕರಣ. 2010ರ ಜೂನ್ 27ರಂದು ಎಫ್‌ಬಿಐ ಒಂದೇ ದಿನ ಹತ್ತು ಮಂದಿ ರಷ್ಯನ್ ಬೇಹುಗಾರರನ್ನು ಬಂಧಿಸಿತು. ಡೊನಾಲ್ಡ್ ಹೀತ್‌ಫೀಲ್ಡ್ ಎಂದು ಹೆಸರಿಟ್ಟುಕೊಂಡು ಹಾರ್ವರ್ಡ್‌ನಲ್ಲಿ ಓದಿದ್ದ ಆಂದ್ರೇ ಬೆಜ್ರುಕೋವ್ ಮತ್ತು ಅವನ ಹೆಂಡತಿ ಎಲೆನಾ ವಾವಿಲೋವಾ ಅವರಲ್ಲಿದ್ದರು. ಇವರನ್ನೆಲ್ಲ ಹಿಡಿದುಕೊಟ್ಟವನು ಡೈರೆಕ್ಟರೇಟ್ ಎಸ್‌ನ ಹಿರಿಯ ಅಧಿಕಾರಿ ಅಲೆಕ್ಸಾಂಡರ್ ಪೊತೇಯೆವ್. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಹತ್ತು ಮಂದಿಯ ಬಂಧನಕ್ಕೆ ಮೊದಲೇ ರಷ್ಯಾದಿಂದ ಓಡಿಹೋಗಿದ್ದ ಅವನಿಗೆ ಮರುವರ್ಷ ಮಾಸ್ಕೋ ಕೋರ್ಟು, ಅವನ ಗೈರುಹಾಜರಿಯಲ್ಲೇ, 25 ವರ್ಷ ಶಿಕ್ಷೆ ವಿಧಿಸಿತು. 2010ರ ಜುಲೈ 9ರಂದು ವಿಯೆನ್ನಾ ವಿಮಾನನಿಲ್ದಾಣದಲ್ಲಿ ಆ ಹತ್ತು ಮಂದಿಗೆ ಬದಲಾಗಿ ರಷ್ಯಾ ನಾಲ್ವರನ್ನು ಬಿಟ್ಟುಕೊಟ್ಟಿತು.

ಸರಣಿಯ ಸೃಷ್ಟಿಕರ್ತ ಜೋ ವೈಸ್‌ಬರ್ಗ್ 1990ರ ದಶಕದ ಆರಂಭದಲ್ಲಿ ಸಿಐಎಯಲ್ಲಿದ್ದವನು. ಈ ಲೋಕ ಒಳಗಿನಿಂದಲೇ ಬಿರುಕುಬಿಡುತ್ತದೆ ಎಂಬುದು ಅವನ ಕೊನೆಯ ಸೀಸನ್‌ನಲ್ಲಿ ಚೆನ್ನಾಗಿ ಮೂಡಿದೆ. ಫಿಲಿಪ್ ಹೆಂಡತಿಯ ವಿಷಯವನ್ನು ಬೇರೆಯವರಿಗೆ ಮುಟ್ಟಿಸುತ್ತಾನೆ. ಎಲಿಜಬೆತ್ ತನ್ನ ಮೇಲಿನವರ ಸಂಚನ್ನೇ ಮುರಿಯುತ್ತಾಳೆ. ಇಬ್ಬರಿಗೂ ಗುಟ್ಟಾಗಿ ಮದುವೆ ಮಾಡಿಸಿದ ಪಾದ್ರಿ ಎಫ್‌ಬಿಐ ಮುಂದೆ ಬಾಯಿಬಿಡುತ್ತಾನೆ. ಕೊನೆಯ ಕಂತಿನಲ್ಲಿ ಪಾರ್ಕಿಂಗ್ ಗ್ಯಾರೇಜಿನೊಳಗೆ ಬಂದೂಕು ಹಿಡಿದು ನಿಂತ ಸ್ಟ್ಯಾನ್ ಕೂಡ ಕರ್ತವ್ಯ ಮರೆತು ಅವರನ್ನು ಬಿಟ್ಟುಬಿಡುತ್ತಾನೆ. ವೈಸ್‌ಬರ್ಗ್ ಮತ್ತು ಜೋಯೆಲ್ ಫೀಲ್ಡ್ಸ್ ಬರೆದ ಈ ಕಂತಿಗೆ ಎಮ್ಮಿ ಪ್ರಶಸ್ತಿ ಬಂತು.

ಕೊನೆಗೆ ದಂಪತಿ ತಪ್ಪಿಸಿಕೊಳ್ಳುತ್ತಾರೆ, ಮಕ್ಕಳು ಹಿಂದೆ ಉಳಿಯುತ್ತಾರೆ. ಮಗಳು ಪೇಜ್ ಕೆನಡಾ ಗಡಿಯ ಹತ್ತಿರ ರೈಲಿನಿಂದ ಇಳಿದುಬಿಡುತ್ತಾಳೆ, ಬೋರ್ಡಿಂಗ್ ಶಾಲೆಯಲ್ಲಿರುವ ಮಗನಿಗೆ ಏನೂ ಗೊತ್ತಿಲ್ಲ. ಬೆಜ್ರುಕೋವ್ ದಂಪತಿಯ ಮಕ್ಕಳಿಗೆ ಇಂಥ ಆಯ್ಕೆಯೂ ಇರಲಿಲ್ಲ. ಟೊರಾಂಟೊದಲ್ಲಿ ಹುಟ್ಟಿದ ಇಬ್ಬರೂ ರಷ್ಯಾಕ್ಕೆ ಹೋಗಬೇಕಾಯಿತು, ಕೆನಡಾದ ಪೌರತ್ವವೂ ಹೋಯಿತು. ಕಿರಿಯ ಮಗ ಕೋರ್ಟು ಹತ್ತಿದ. ರಾಜತಾಂತ್ರಿಕ ರಕ್ಷಣೆಯಿಲ್ಲದ ಬೇಹುಗಾರರ ಮಗನೆಂಬ ಕಾರಣಕ್ಕೆ ಅವನ ಪೌರತ್ವ ಕಿತ್ತುಕೊಂಡದ್ದು ಸರಿಯಲ್ಲ ಎಂದು 2019ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸರ್ಕಾರಿ ಅಧಿಕಾರಿಗಳ ನಿರ್ಧಾರವನ್ನು ಕೋರ್ಟುಗಳು ಹೇಗೆ ಪರಿಶೀಲಿಸಬೇಕು ಎಂಬುದನ್ನು ಹೊಸದಾಗಿ ಗೊತ್ತುಮಾಡಿದ ಆ ತೀರ್ಪನ್ನು, ಬೇಹುಗಾರಿಕೆಯ ಸೋಂಕೂ ಇಲ್ಲದ ವಲಸೆ ಮತ್ತಿತರ ವ್ಯಾಜ್ಯಗಳಲ್ಲಿ ಅಲ್ಲಿನ ವಕೀಲರು ಇಂದಿಗೂ ಉಲ್ಲೇಖಿಸುತ್ತಾರೆ.