ಹಳ್ಳ ಒಂದೇ, ಹೆಸರು ಎರಡು

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ ಕುಂಬ್ರ ಒಂದು ಪುಟ್ಟ ಪೇಟೆ. ಸುತ್ತಮುತ್ತ ಅಡಿಕೆ, ತೆಂಗು, ರಬ್ಬರ್ ತೋಟಗಳು. ತೋಟಗಳ ನಡುವೆ ತೋಡುಗಳು. ಮಳೆಗಾಲ ಕಳೆದು ತೋಡಿನ ನೀರು ಇಳಿಯತೊಡಗಿದಾಗ ಕಲ್ಲು, ಮಣ್ಣು, ಮರಗಳಿಂದ 'ಕಟ್ಟ' ಕಟ್ಟಿ ನೀರು ನಿಲ್ಲಿಸುವುದು ಈ ಭಾಗದ ಕೃಷಿಕರ ಹಳೆಯ ರೂಢಿ. ಕಟ್ಟ ಕಟ್ಟುವವನು ತನ್ನ ತೋಟವನ್ನು ಮಾತ್ರ ನೋಡಿದರೆ ಸಾಲದು. ಕೆಳಗಿನವರ ಪಾಲಿನ ನೀರು ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು. ಇಲ್ಲದಿದ್ದರೆ ನೆರೆಕರೆಯಲ್ಲಿ ಜಗಳ ಖಂಡಿತ.

ಇದೇ ಪ್ರಶ್ನೆಯನ್ನು ಸರಕಾರವೋ ಕಂಪೆನಿಯೋ ದೊಡ್ಡ ಅಣೆಕಟ್ಟು, ಗಣಿ, ಕಾರ್ಖಾನೆ, ಹೆದ್ದಾರಿಗಳನ್ನು ಆರಂಭಿಸುವ ಮೊದಲೇ ಕೇಳಿಕೊಳ್ಳಬೇಕು ಎಂಬುದು ಇಂದಿನ ಕಾನೂನು. ಅದಕ್ಕೆ 'ಪರಿಸರ ಪರಿಣಾಮ ಅಧ್ಯಯನ' ಎಂದು ಹೆಸರು. ಆದರೆ ಈ ಕಾನೂನು ಎಲ್ಲರ ವಿಷಯದಲ್ಲೂ ಒಂದೇ ರೀತಿ ನಡೆಯುತ್ತದೆಯೇ? ನಮ್ಮ ಘಟ್ಟದ ಬುಡದಲ್ಲೇ ಇದಕ್ಕೊಂದು ಉದಾಹರಣೆ ಇದೆ. ಹೆಚ್ಚುಕಡಿಮೆ ಅವೇ ಹಳ್ಳಗಳ ಮೇಲೆ ಒಂದರ ಹಿಂದೊಂದರಂತೆ ಎರಡು ಯೋಜನೆಗಳು ಬಂದವು. ಮೊದಲನೆಯದಕ್ಕೆ ಅಧ್ಯಯನ ನಡೆಯಿತು, ಊರವರ ಅಹವಾಲು ಕೇಳಲಾಯಿತು, ತಜ್ಞರ ಸಮಿತಿಯೂ ಬಂತು. ಎರಡನೆಯದಕ್ಕೆ ಇವು ಯಾವುವೂ ಬೇಕಾಗಲಿಲ್ಲ. ಹಳ್ಳ ಬದಲಾಗಿರಲಿಲ್ಲ, ಯೋಜನೆಯ ಹೆಸರು ಬದಲಾಗಿತ್ತು.

ಅದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾನೂನು ಬಂದ ದಾರಿ

ದೊಡ್ಡ ಯೋಜನೆಗೆ ಮೊದಲೇ ಪರಿಸರದ ಲೆಕ್ಕ ಹಾಕಬೇಕೆಂದು ಕಾನೂನು ಮಾಡಿದ ದೇಶಗಳಲ್ಲಿ ಅಮೆರಿಕ ಮೊದಲನೆಯದು. ಅಲ್ಲಿನ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ 1970ರ ಜನವರಿ 1ರಂದು ಜಾರಿಗೆ ಬಂತು. 1972ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆದಾಗ ಪ್ರಧಾನಿ ಇಂದಿರಾ ಗಾಂಧಿ ಭಾಗವಹಿಸಿದ್ದರು. 1976–77ರಲ್ಲಿ ನಮ್ಮ ಯೋಜನಾ ಆಯೋಗವು ನದಿ ಕಣಿವೆ ಯೋಜನೆಗಳನ್ನು ಪರಿಸರದ ದೃಷ್ಟಿಯಿಂದಲೂ ಪರಿಶೀಲಿಸುವಂತೆ ಸೂಚಿಸಿತು. ಆದರೆ ಅದು ಇಲಾಖೆಗಳ ಒಳಗಿನ ಏರ್ಪಾಡು ಮಾತ್ರ, ಅದರ ಬೆನ್ನಿಗೆ ಕಾನೂನಿನ ಬಲ ಇರಲಿಲ್ಲ.

ಕಾನೂನು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕುದುರೆಮುಖವೇ ಸಾಕ್ಷಿ. ಕಬ್ಬಿಣದ ಅದಿರು ಕಂಪೆನಿ ಅಲ್ಲಿ ಸ್ಥಾಪನೆಯಾದದ್ದು 1976ರಲ್ಲಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಬೆಟ್ಟಗಳ ಆಸುಪಾಸಿನಲ್ಲಿ ಗಣಿ ತೋಡಬಹುದೇ ಎಂದು ಕೆಳಗಿನ ಊರುಗಳನ್ನು ಕೇಳಬೇಕೆಂಬ ನಿಯಮ ಆಗ ಇರಲಿಲ್ಲ. ಪ್ರಶ್ನೆ ಎದ್ದದ್ದು ಬೆಟ್ಟ ಕರಗಿದ ಮೇಲೆ. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿ, 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಕಾನೂನು ಬರುವ ಮೊದಲೇ ಜನರು ಈ ಪ್ರಶ್ನೆಗಳನ್ನು ಕೇಳತೊಡಗಿದ್ದರು. ಕೇರಳದ ಸೈಲೆಂಟ್ ವ್ಯಾಲಿಯ ಜಲವಿದ್ಯುತ್ ಯೋಜನೆ ಅಧ್ಯಾಪಕರು, ವಿಜ್ಞಾನಿಗಳು, ಕವಿಗಳ ವಿರೋಧದಿಂದಾಗಿ 1983ರಲ್ಲಿ ಕೈಬಿಟ್ಟುಹೋಯಿತು. ನಮ್ಮ ಶಿರಸಿಯಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ ಸಂಗತಿ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಅಲ್ಲಿನ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ತೋಟಗಾರ್ಸ್ ಸೇಲ್ ಸೊಸೈಟಿಯು 1981ರಲ್ಲಿ ತಜ್ಞರನ್ನು ಕರೆಸಿ ವಿಚಾರಸಂಕಿರಣ ನಡೆಸಿತು. ಮುಳುಗುವ ತೋಟ, ಕಾಡುಗಳ ಬೆಲೆ ಎಷ್ಟು, ಸಿಗುವ ವಿದ್ಯುತ್ತಿನ ಬೆಲೆ ಎಷ್ಟು ಎಂದು ಲೆಕ್ಕ ಹಾಕಿತು. ಸರಕಾರ ಮಾಡಿಸಬೇಕಾಗಿದ್ದ ಪರೀಕ್ಷೆಯನ್ನು ಬೆಳೆಗಾರರೇ ಮಾಡಿಸಿದರು. ಯೋಜನೆ ಮುಂದೆ ಸಾಗಲಿಲ್ಲ.

ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಕೈಗಾ ಅಣುಸ್ಥಾವರವನ್ನು ಪ್ರತಿಭಟಿಸಿ ಅವರು 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಸ್ಪರ್ಧಿಸಿದ್ದರು. ಆಗ ಅವರ ವಯಸ್ಸು 87. ಗೆಲ್ಲಲಿಲ್ಲ, ಆದರೆ ಪರಿಸರದ ಪ್ರಶ್ನೆಯನ್ನು ಮತಗಟ್ಟೆಯ ತನಕ ಒಯ್ದರು.

1984ರ ಭೋಪಾಲ ಅನಿಲ ದುರಂತದ ನಂತರ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ಅಡಿಯಲ್ಲಿ 1994ರ ಜನವರಿ 27ರಂದು ಹೊರಟ ಅಧಿಸೂಚನೆ ಪರಿಸರ ಪರಿಣಾಮ ಅಧ್ಯಯನವನ್ನು ಮೊದಲ ಬಾರಿಗೆ ಕಡ್ಡಾಯ ಮಾಡಿತು. 1997ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಅಹವಾಲು ಸಭೆಯೂ ಕಡ್ಡಾಯವಾಯಿತು. 2006ರ ಸೆಪ್ಟೆಂಬರ್ 14ರಂದು ಹಳೆಯ ಅಧಿಸೂಚನೆಯ ಬದಲಿಗೆ ಹೊಸದು ಬಂತು. ಅನೇಕ ತಿದ್ದುಪಡಿಗಳೊಡನೆ ಇಂದೂ ನಡೆಯುತ್ತಿರುವುದು ಅದೇ.

ಅಹವಾಲು ಸಭೆ ಎಂದರೇನು?

ಈ ಸಭೆಯ ನಿಯಮಗಳು ಸಾಮಾನ್ಯ ಓದುಗರಿಗೆ ತಿಳಿದಿರುವುದು ಒಳ್ಳೆಯದು. ಸಭೆಯನ್ನು ಏರ್ಪಡಿಸುವುದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯವರದು, ಅಥವಾ ಅವರು ನಿಯೋಜಿಸಿದ ಹೆಚ್ಚುವರಿ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯದು. ಸಭೆಗೆ ಕನಿಷ್ಠ 30 ದಿನ ಮುಂಚಿತವಾಗಿ ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಬೇಕು. ಅವುಗಳಲ್ಲೊಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಾಗಿರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಸಭೆ ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲೇ ನಡೆಯಬೇಕು. ಇಡೀ ಕಲಾಪದ ವೀಡಿಯೋ ಚಿತ್ರೀಕರಣ ಆಗಬೇಕು. ಕೊನೆಯಲ್ಲಿ ನಡಾವಳಿಯನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು.

ಆದರೆ ಒಂದು ಕೊರತೆ ಇದೆ. ಸಾರಾಂಶ ಕನ್ನಡದಲ್ಲಿ ಸಿಗುತ್ತದೆ. ಹಳ್ಳದ ಹರಿವು, ಮರಗಳ ಸಂಖ್ಯೆ, ಮೀನು ಕಪ್ಪೆಗಳ ಪಟ್ಟಿ ಇವೆಲ್ಲ ಇರುವ ಪೂರ್ಣ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಅಡಿಕೆ ತೋಟದ ಯಜಮಾನನೊಬ್ಬ ತನ್ನ ಹಳ್ಳದ ಬಗ್ಗೆ ಬರೆದದ್ದು ಸರಿಯೋ ತಪ್ಪೋ ಎಂದು ನೋಡಬೇಕಾದರೆ ಮೊದಲು ಅನುವಾದಕನನ್ನು ಹುಡುಕಬೇಕು. ಈ ಭಾಷೆಯ ಪ್ರಶ್ನೆ 2020ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಆ ವರ್ಷ ಕೇಂದ್ರ ಸರಕಾರ ಅಧಿಸೂಚನೆಯ ಹೊಸ ಕರಡನ್ನು ಹೊರಡಿಸಿ, ಸಭೆಯ ಸೂಚನೆಯ ಅವಧಿಯನ್ನು 30 ದಿನಗಳಿಂದ 20ಕ್ಕೆ ಇಳಿಸಲು ಹೊರಟಿತ್ತು. ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟು ಜೂನ್ 30ರಂದು ಆದೇಶಿಸಿತು. ಜನರಿಗೆ ಅರ್ಥವಾಗದ ಭಾಷೆಯಲ್ಲಿ ಅಭಿಪ್ರಾಯ ಕೇಳುವುದು ಕೇಳಿದಂತಾಗುವುದಿಲ್ಲ ಎಂಬ ಸರಳ ಮಾತು ಅದರ ಹಿಂದಿತ್ತು.

ಗುಂಡ್ಯ: ಕೇಳಿದರು

ಈಗ ನಮ್ಮ ಹಳ್ಳಗಳಿಗೆ ಬರೋಣ. ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಘಟ್ಟದಲ್ಲಿ ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ ಮುಂತಾದ ತೊರೆಗಳು ಹುಟ್ಟುತ್ತವೆ. ಪಶ್ಚಿಮಕ್ಕೆ ಇಳಿದು ಗುಂಡ್ಯ ಹೊಳೆಯಾಗಿ ಕುಮಾರಧಾರಾ ನದಿಯನ್ನು ಸೇರುತ್ತವೆ. ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಪುತ್ತೂರು ಪೇಟೆಗೆ ಕುಡಿಯುವ ನೀರು ಬರುವುದು ಆ ಸಂಗಮದ ಬಳಿಯ ನೆಕ್ಕಿಲಾಡಿಯಿಂದ. ಮಂಗಳೂರಿಗೆ ಬರುವುದು ಇನ್ನೂ ಕೆಳಗಿನ ತುಂಬೆಯಿಂದ. ಆದ್ದರಿಂದ ಘಟ್ಟದ ಮೇಲಿನ ತೊರೆಗೆ ಏನಾಯಿತು ಎಂಬುದು ಸಕಲೇಶಪುರದವರ ವಿಷಯ ಮಾತ್ರವಲ್ಲ.

1998ರಲ್ಲಿ ಕರ್ನಾಟಕ ವಿದ್ಯುತ್ ನಿಗಮ ಈ ತೊರೆಗಳನ್ನು ತಡೆದು ಸುರಂಗದ ಮೂಲಕ ಹರಿಸಿ ಗುಂಡ್ಯದ ಬಳಿ ವಿದ್ಯುತ್ ಉತ್ಪಾದಿಸುವ ಯೋಜನೆಯನ್ನು ಮುಂದಿಟ್ಟಿತು. ಮೊದಲ ಹಂತದ ಸಾಮರ್ಥ್ಯ 200 ಮೆಗಾವಾಟ್. 50 ಮೆಗಾವಾಟ್ ದಾಟಿದ ಜಲವಿದ್ಯುತ್ ಯೋಜನೆ 2006ರ ಅಧಿಸೂಚನೆಯ ಪ್ರಕಾರ ಆಗ 'ಎ' ವರ್ಗದ್ದಾಗಿತ್ತು, ಕೇಂದ್ರದ ಅನುಮತಿ ಬೇಕಾದದ್ದಾಗಿತ್ತು. ಹೀಗಾಗಿ ಪರಿಸರ ಪರಿಣಾಮ ವರದಿ ತಯಾರಾಯಿತು, ಅಹವಾಲು ಸಭೆಗಳು ನಡೆದವು. ಈಗ ಕಡಬ ತಾಲ್ಲೂಕಿಗೆ ಸೇರಿರುವ, ಆಗ ಪುತ್ತೂರು ತಾಲ್ಲೂಕಿನಲ್ಲಿದ್ದ ಘಟ್ಟದ ಬುಡದ ಹಳ್ಳಿಗಳ ಜನರಿಗೂ ಮಾತಾಡಲು ಅವಕಾಶ ಸಿಕ್ಕಿತು.

2010ರಲ್ಲಿ ಕೇಂದ್ರ ಸರಕಾರ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಪಶ್ಚಿಮ ಘಟ್ಟ ತಜ್ಞರ ಸಮಿತಿಯನ್ನು ನೇಮಿಸಿತು. ಗುಂಡ್ಯ ಯೋಜನೆಯ ಬಗ್ಗೆ ಅಭಿಪ್ರಾಯ ಕೊಡುವುದೂ ಅದರ ಕೆಲಸವಾಗಿತ್ತು. ಸಮಿತಿ ಸ್ಥಳಕ್ಕೆ ಬಂದು ಜನರ ಮಾತು ಕೇಳಿತು. ಪರಿಸರ ಪರಿಣಾಮ ವರದಿಯಲ್ಲಿ ಕೊರತೆಗಳಿವೆ ಎಂದಿತು. ಸಿಗುವ ವಿದ್ಯುತ್ತಿಗಿಂತ ಕಳೆದುಹೋಗುವ ಕಾಡು, ಜೀವಸಂಪತ್ತು ದೊಡ್ಡದು ಎಂದು 2011ರ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ ಯೋಜನೆಗೆ ಅನುಮತಿ ಬೇಡವೆಂದು ಶಿಫಾರಸು ಮಾಡಿತು. ಆ ವರದಿಯೂ ಬೇಗ ಹೊರಬರಲಿಲ್ಲ. ಮಾಹಿತಿ ಆಯೋಗದ ಆದೇಶ, ದೆಹಲಿ ಹೈಕೋರ್ಟಿನ ತೀರ್ಪು ಆದ ಮೇಲೆ 2012ರ ಮೇ ತಿಂಗಳಲ್ಲಿ ಜನರ ಕೈಗೆ ಸಿಕ್ಕಿತು.

ಗುಂಡ್ಯದಲ್ಲಿ ಅಣೆಕಟ್ಟು ಏಳಲಿಲ್ಲ. ಅಧ್ಯಯನ ದೋಷಪೂರ್ಣವಾಗಿತ್ತು ಎನ್ನುವುದಾದರೂ, ಅದು ಕಾಗದದ ಮೇಲೆ ಇದ್ದುದರಿಂದಲೇ ದೋಷವನ್ನು ತೋರಿಸಲು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ಎತ್ತಿನಹೊಳೆ: ಕೇಳಬೇಕಾಗಿಲ್ಲ

ಗಾಡ್ಗೀಳ್ ವರದಿ ಬಹಿರಂಗವಾದ ಎರಡೇ ತಿಂಗಳಲ್ಲಿ, 2012ರ ಜುಲೈಯಲ್ಲಿ, ರಾಜ್ಯ ಸರಕಾರ ಇನ್ನೊಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಒಡ್ಡುಗಳನ್ನು ಕಟ್ಟಿ, ಮಳೆಗಾಲದ 24 ಟಿ.ಎಂ.ಸಿ. ನೀರನ್ನು ಪಂಪು ಮಾಡಿ ಘಟ್ಟ ಹತ್ತಿಸಿ, ಸುಮಾರು 250 ಕಿ.ಮೀ. ಕಾಲುವೆಯಲ್ಲಿ ಪೂರ್ವದ ಬಯಲುಸೀಮೆಗೆ ಒಯ್ಯುವುದು ಇದರ ಉದ್ದೇಶ. ಅಂದಾಜು ವೆಚ್ಚ 8,323 ಕೋಟಿ ರೂ. ಎಂದಿತ್ತು, ಎರಡು ವರ್ಷಗಳಲ್ಲಿ 12,912 ಕೋಟಿಗೆ, ಮುಂದೆ 23 ಸಾವಿರ ಕೋಟಿಗೂ ಮೇಲಕ್ಕೆ ಏರಿತು.

200 ಮೆಗಾವಾಟಿನ ಯೋಜನೆಗೆ ಬೇಕಾದ ಅಧ್ಯಯನ ಇಷ್ಟು ದೊಡ್ಡ ಯೋಜನೆಗೆ ಬೇಡವೇ? ಉತ್ತರ ಅಧಿಸೂಚನೆಯ ಪಟ್ಟಿಯಲ್ಲಿದೆ. ನದಿ ಕಣಿವೆ ಯೋಜನೆಗಳಲ್ಲಿ ಅಲ್ಲಿ ಹೆಸರಿಸಿದ್ದು ಎರಡೇ: ಜಲವಿದ್ಯುತ್ ಮತ್ತು ನೀರಾವರಿ. ಕುಡಿಯುವ ನೀರಿನ ಯೋಜನೆಯ ಹೆಸರು ಪಟ್ಟಿಯಲ್ಲಿಲ್ಲ. ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆ ಎಂದು ಸರಕಾರ ಹೇಳಿತು. ಅಲ್ಲಿಗೆ ಪರಿಸರ ಪರಿಣಾಮ ಅಧ್ಯಯನದ ಕಟ್ಟುಪಾಡೂ ಮುಗಿಯಿತು, ಅಹವಾಲು ಸಭೆಯೂ ಇಲ್ಲವಾಯಿತು. ಕಾಡಿನ ಭೂಮಿ ಬಳಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಪಡೆಯಬೇಕಾಯಿತು ನಿಜ. ಆದರೆ ಅದರಲ್ಲಿ ಲೆಕ್ಕಕ್ಕೆ ಬರುವುದು ಕಾಡಿನ ಜಾಗ. ಕೆಳಗಿನ ಊರಿನ ನೀರನ್ನು ಜನರ ಮುಂದಿಟ್ಟು ಚರ್ಚಿಸುವ ವೇದಿಕೆ ಅದಲ್ಲ.

ಯೋಜನೆಯ 24 ಟಿ.ಎಂ.ಸಿ.ಯಲ್ಲಿ ಕುಡಿಯಲು ಸುಮಾರು 14, ಉಳಿದ 10ರಷ್ಟು ಕೆರೆ ತುಂಬಿಸಲು ಎಂದು ಲೆಕ್ಕ. ಕೆರೆ ತುಂಬಿಸುವುದು ಕುಡಿಯುವ ನೀರೇ ಎಂಬ ಪ್ರಶ್ನೆಯೊಡನೆ ವಿರೋಧಿಗಳು ಹಸಿರು ನ್ಯಾಯಮಂಡಳಿಗೆ ಹೋದರು. 2019ರಲ್ಲಿ ಅರ್ಜಿ ವಜಾ ಆಯಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮೊದಲ ಹಂತವನ್ನು ಉದ್ಘಾಟಿಸಿದರು.

ಬಾಯಾರಿದವರ ಪ್ರಶ್ನೆ

ಇಷ್ಟು ಹೇಳಿ ಕೋಲಾರ, ಚಿಕ್ಕಬಳ್ಳಾಪುರದವರನ್ನು ಮರೆತರೆ ಅದು ಕರಾವಳಿಯವರ ಸ್ವಾರ್ಥವಾದೀತು. ಆ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ, ಸಿಕ್ಕಿದ ನೀರಿನಲ್ಲಿ ಫ್ಲೋರೈಡ್. ಅಲ್ಲಿನ ತಾಯಂದಿರ ಕೊಡಕ್ಕೆ ನೀರು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ.

ಆದರೆ ಅಧ್ಯಯನ ಬಿಟ್ಟುಬಿಟ್ಟರೆ ನಷ್ಟ ಅವರಿಗೂ ಇದೆ. ಹಳ್ಳಗಳಲ್ಲಿ 24 ಟಿ.ಎಂ.ಸಿ. ಸಿಗುತ್ತದೆ ಎಂದು ಯೋಜನಾ ವರದಿ ಹೇಳಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನ ಆ ಪ್ರದೇಶದ ವಾರ್ಷಿಕ ಇಳುವರಿ ಸುಮಾರು 9.5 ಟಿ.ಎಂ.ಸಿ. ಮಾತ್ರ, ಅದರಲ್ಲೂ ಸ್ಥಳೀಯ ಕೃಷಿ ಮತ್ತು ಹೊಳೆಯ ಜೀವಿಗಳ ಪಾಲು ಕಳೆಯಬೇಕು ಎಂದಿತು. ಎರಡು ಲೆಕ್ಕಗಳ ನಡುವೆ ಅಜಗಜಾಂತರ. ಯಾವುದು ಸರಿ ಎಂದು ಕೆಲಸ ಆರಂಭಿಸುವ ಮೊದಲೇ ಎಲ್ಲರೆದುರು ತೂಗಿ ನೋಡುವ ಜಾಗ ಯಾವುದು? ಅಹವಾಲು ಸಭೆಯೇ ಅಲ್ಲವೇ? ನೀರು ಕಡಿಮೆಯೆಂದು ಕಾಲುವೆ ತೋಡಿದ ಮೇಲೆ ತಿಳಿದರೆ ಮೊದಲು ಮೋಸಹೋಗುವವರು ಕಾಲುವೆಯ ತುದಿಯಲ್ಲಿ ಕಾದು ಕುಳಿತವರು.

ಇದು ದೊಡ್ಡ ಯೋಜನೆಗಳ ಮಾತಷ್ಟೇ ಅಲ್ಲ. 25 ಮೆಗಾವಾಟಿಗಿಂತ ಕಡಿಮೆಯ ಜಲವಿದ್ಯುತ್ ಘಟಕಕ್ಕೆ ಪಟ್ಟಿಯ ಪ್ರಕಾರ ಅಧ್ಯಯನ ಬೇಕಿಲ್ಲ. ಒಂದೇ ಹೊಳೆಗೆ ಸಾಲಾಗಿ ಕಿರು ಘಟಕಗಳು ಬಂದರೂ ಅಷ್ಟೇ. ನಮ್ಮ ಊರುಗಳ ಕೆಂಪುಕಲ್ಲಿನ ಕೋರೆಗಳಂಥ ಐದು ಹೆಕ್ಟೇರಿಗೂ ಕಡಿಮೆಯ ಗಣಿಗಳು ಬಹುಕಾಲ ಲೆಕ್ಕದ ಹೊರಗಿದ್ದವು. ಅವಕ್ಕೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2012ರ ಫೆಬ್ರವರಿಯಲ್ಲಿ.

ಅಳತೆ, ಹೆಸರು ನೋಡಿ ಪಟ್ಟಿ ಮಾಡುವುದು ಕಚೇರಿಯ ಅನುಕೂಲಕ್ಕೆ ಸರಿ. ಹಳ್ಳಕ್ಕೆ ಪಟ್ಟಿ ಗೊತ್ತಿಲ್ಲ. ತಡೆದ ನೀರು ವಿದ್ಯುತ್ತಿಗೆ ಹೋಯಿತೋ, ಕೊಡಕ್ಕೆ ಹೋಯಿತೋ, ಕೆಳಗಿನ ಹೊಳೆಗೆ ಕಡಿಮೆಯಾಗುವುದು ಒಂದೇ. ಆದ್ದರಿಂದ ಯೋಜನೆಯ ಹೆಸರನ್ನಲ್ಲ, ಎಷ್ಟು ನೀರು, ಎಷ್ಟು ಮಣ್ಣು, ಎಷ್ಟು ಕಾಡು ಕದಲುತ್ತದೆ ಎಂಬುದನ್ನು ನೋಡಿ ಅಧ್ಯಯನ ಬೇಕೋ ಬೇಡವೋ ಎಂದು ತೀರ್ಮಾನಿಸುವ ತಿದ್ದುಪಡಿ ಅಗತ್ಯ. ವರದಿ ಪೂರ್ತಿ ಕನ್ನಡದಲ್ಲಿ ಗ್ರಾಮ ಪಂಚಾಯತಿಗೆ ಬರುವುದೂ ಅಷ್ಟೇ ಅಗತ್ಯ. ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸ ಒಂದಿದೆ: ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರುವ ಅಹವಾಲು ಸಭೆಯ ಪ್ರಕಟಣೆಯನ್ನು ತಪ್ಪದೆ ಓದುವುದು, ಮತ್ತು ಆ ದಿನ ಸಭೆಗೆ ಹೋಗಿ ಕುಳಿತುಕೊಳ್ಳುವುದು. ಇಂತಿಷ್ಟು ಜನ ಸೇರಬೇಕೆಂಬ ಕೋರಂ ಆ ಸಭೆಗಿಲ್ಲ. ಹತ್ತು ಮಂದಿ ಬಂದರೂ ಸಭೆ ನಡೆದಂತೆಯೇ ಲೆಕ್ಕ.