ಗುಟ್ಟು ಯಾರ ಹತ್ತಿರ ಇದೆ?

ಹೋದ ತಿಂಗಳು ಒಂದು ಕಥೆ ಬರೆದು ಗೆಳೆಯನಿಗೆ ಓದೋಕೆ ಕೊಟ್ಟಿದ್ದೆ. ಮಳೆ, ಹೆಂಚಿನ ಮನೆ, ಹಪ್ಪಳ, ಮೊಮ್ಮಗನ ದಾರಿ ಕಾಯುವ ಅಜ್ಜಿ, ಎಲ್ಲಾ ಇತ್ತು. ಓದಿ ಮುಗಿಸಿದವನು "ಚೆನ್ನಾಗಿದೆ ಮಾರಾಯ, ಆದ್ರೆ ಕಥೆ ಎಲ್ಲಿ?" ಅಂದ. ಸಿಟ್ಟು ಬಂತು. ಮೊಮ್ಮಗ ಊರಿಗೆ ಬರೋ ಹೊತ್ತಿಗೆ ಅಜ್ಜಿ ತೀರಿಹೋಗಿರುತ್ತಾಳೆ ಅಂತ ಕೊನೆಗೊಂದು ತಿರುವು ಹಾಕಿ ಮತ್ತೆ ಕೊಟ್ಟೆ. "ಈಗ ಇನ್ನೂ ಕೆಟ್ಟುಹೋಯ್ತು" ಅಂದ!

ಅವತ್ತಿಂದ ಈ 'ಪ್ಲಾಟ್' ಅನ್ನೋದು ತಲೆ ಕೊರೀತಾ ಇದೆ. ಹುಬ್ಬಳ್ಳಿ ಕಡೆಯವರಿಗೆ ಪ್ಲಾಟ್ ಅಂದ್ರೆ ಮನೆ ಕಟ್ಟೋ ಸೈಟು. ನಮ್ಮ ವಿಮರ್ಶಕರು 'ಕಥಾಹಂದರ' ಅಂತಾರೆ. ಒಳ್ಳೇ ಮಾತು. ಹಂದರ ಇರೋದು ಬಳ್ಳಿ ಹಬ್ಬೋಕೆ. ಬಳ್ಳಿ ಚೆನ್ನಾಗಿ ಹಬ್ಬಿದ ಮೇಲೆ ಹಂದರ ಕಣ್ಣಿಗೇ ಬೀಳೋದಿಲ್ಲ. ಹಾಗಾದ್ರೆ ಅದನ್ನು ಹುಡುಕೋದು ಹೇಗೆ? ಹಳೇ ಕಥೆಗಳನ್ನು ಮತ್ತೆ ಓದುತ್ತಾ ಕೂತೆ.

ಸಣ್ಣಕಥೆಗೆ ಮೊದಲು ಲೆಕ್ಕಾಚಾರ ಹಾಕಿಕೊಟ್ಟವರಲ್ಲಿ ಅಮೆರಿಕದ ಎಡ್ಗರ್ ಅಲನ್ ಪೋ ಮುಖ್ಯ. 1842ರಲ್ಲಿ ಹಾಥಾರ್ನನ ಕಥೆಗಳನ್ನು ವಿಮರ್ಶೆ ಮಾಡುತ್ತಾ, ಕಥೆ ಒಂದೇ ಕೂರಿಗೆಗೆ ಓದಿ ಮುಗಿಯಬೇಕು, ಓದುಗನ ಮನಸ್ಸಿನ ಮೇಲೆ ಆಗಬೇಕಾದ ಪರಿಣಾಮವನ್ನು ಮೊದಲು ನಿಶ್ಚಯ ಮಾಡಿಕೊಂಡು ಆಮೇಲೆ ಅದಕ್ಕೆ ತಕ್ಕ ಘಟನೆಗಳನ್ನು ಹೆಣೆಯಬೇಕು ಅಂತ ವಾದಿಸಿದ. ಅಂದರೆ ಕೊನೆಯಿಂದ ಹಿಂದಕ್ಕೆ ಬರೋದು.

ಆ ಲೆಕ್ಕ ಅಚ್ಚುಕಟ್ಟಾಗಿ ಕೂತಿದ್ದು ಫ್ರಾನ್ಸಿನ ಮೊಪಾಸಾನ 'ನೆಕ್ಲೆಸ್' ಕಥೆಯಲ್ಲಿ. 1884ರಲ್ಲಿ ಪ್ಯಾರಿಸ್ಸಿನ ದಿನಪತ್ರಿಕೆಯೊಂದರಲ್ಲಿ ಬಂದದ್ದು. ಗುಮಾಸ್ತನ ಹೆಂಡತಿ ಮಟಿಲ್ಡ್ ಗೆಳತಿಯಿಂದ ಎರವಲು ತಂದ ವಜ್ರದ ಹಾರ ಕಳೆದುಕೊಳ್ಳುತ್ತಾಳೆ. ಗಂಡ ಹೆಂಡತಿ 36,000 ಫ್ರಾಂಕ್ ಹೊಂದಿಸಿ ಅಂಥದ್ದೇ ಇನ್ನೊಂದು ಕೊಂಡು ಕೊಡುತ್ತಾರೆ. ಸಾಲ ತೀರಿಸೋಕೆ ಹತ್ತು ವರ್ಷ ಪಾತ್ರೆ ತಿಕ್ಕಿ ಸವೆದ ಮೇಲೆ ಗೊತ್ತಾಗುತ್ತೆ, ಕಳೆದದ್ದು ನಕಲಿ ಹಾರ, ಹೆಚ್ಚೆಂದರೆ 500 ಫ್ರಾಂಕಿನದು. ಗುಟ್ಟು ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಇಬ್ಬರಿಗೂ ಒಂದೇ ಕ್ಷಣದಲ್ಲಿ ಏಟು ಬೀಳುತ್ತೆ.

ಹದಿನೈದೇ ವರ್ಷಕ್ಕೆ, 1899ರಲ್ಲಿ, ರಷ್ಯಾದ ಚೆಕಾವ್ 'ನಾಯಿ ಜೊತೆಗಿನ ಮಹಿಳೆ' ಬರೆದ. ಬೇರೆಬೇರೆ ಮದುವೆಯಾಗಿರುವ ಇಬ್ಬರು ಯಾಲ್ಟಾದಲ್ಲಿ ಭೇಟಿಯಾಗಿ ಪ್ರೀತಿಸುತ್ತಾರೆ. ಅವರ ಸುತ್ತಲಿನವರಿಗೆ ಅದು ಗುಟ್ಟು, ನಮಗಲ್ಲ. ಮುಂದೇನು ಅಂತ ಅವರಿಗೂ ತಿಳಿಯದು, ನಮಗೂ ತಿಳಿಯದು. ಕಷ್ಟದ ದಾರಿ ಈಗಷ್ಟೇ ಶುರುವಾಗಿದೆ ಅನ್ನೋವಾಗ ಕಥೆ ನಿಂತುಬಿಡುತ್ತೆ.

ಈಗ ನಮ್ಮ ಮಾಸ್ತಿಯವರ ಹತ್ತಿರ ಬನ್ನಿ. ಅವರಿಗಿಂತ ಮೊದಲೇ ಪಂಜೆ ಮಂಗೇಶರಾಯರು ಸಣ್ಣಕಥೆ ಬರೆದಿದ್ದರು. ಆದರೆ ಮಾಸ್ತಿಯವರ 'ಕೆಲವು ಸಣ್ಣ ಕಥೆಗಳು' (1920) ಬಂದ ಮೇಲೆ ಅದಕ್ಕೊಂದು ಗಟ್ಟಿ ನೆಲೆ ಸಿಕ್ಕಿತು. ಅದರಲ್ಲಿನ 'ರಂಗನ ಮದುವೆ' ನೆನಪು ಮಾಡಿಕೊಳ್ಳಿ. ಶಾನುಭೋಗರ ಮಗ ರಂಗ ಬೆಂಗಳೂರಿನಲ್ಲಿ ಓದಿ ಬಂದವನು, ಚಿಕ್ಕ ಹುಡುಗಿಯನ್ನು ಮದುವೆಯಾಗೋದಿಲ್ಲ ಅನ್ನೋ ಹಟದವನು. ಕಥೆ ಹೇಳೋ ಶ್ಯಾಮ ಅವನಿಗೆ ರತ್ನಳ ಹಾಡು ಕೇಳಿಸುತ್ತಾನೆ, ಆಮೇಲೆ ಅವಳಿಗೆ ಮದುವೆಯಾಗಿದೆ ಅಂತ ಸುಳ್ಳು ಹೇಳುತ್ತಾನೆ, ಜೋಯಿಸರಿಗೆ ಮೊದಲೇ ಪಾಠ ಹೇಳಿಕೊಟ್ಟಿರುತ್ತಾನೆ. ಇದೆಲ್ಲ ಗೊತ್ತಿಲ್ಲದೇ ಇರೋದು ರಂಗನಿಗೆ ಮಾತ್ರ. ನಮಗೆ ಎಲ್ಲ ಗೊತ್ತು! ಜಗಲಿ ಮೇಲೆ ಕೂತು ಹರಟುತ್ತಲೇ ಮಾಸ್ತಿ ನಮ್ಮನ್ನು ಸಂಚಿನೊಳಗೆ ಸೇರಿಸಿಕೊಂಡಿರುತ್ತಾರೆ. ಮದುವೆ ಆಗುತ್ತೆ ಅಂತ ಶೀರ್ಷಿಕೆಯಲ್ಲೇ ಬಿಟ್ಟುಕೊಟ್ಟಿದ್ದಾರೆ. ಆದರೂ ಕುತೂಹಲ ಕಮ್ಮಿಯಾಗೋದಿಲ್ಲ.

ಅಂದರೆ ಪ್ಲಾಟ್ ಅಂದ್ರೆ ಏನೇನು ನಡೆಯಿತು ಅನ್ನೋದಷ್ಟೇ ಅಲ್ಲ. ಯಾರಿಗೆ, ಯಾವಾಗ, ಎಷ್ಟು ಗೊತ್ತಾಯಿತು ಅನ್ನೋದು. ಮೊಪಾಸಾ ಗುಟ್ಟನ್ನು ಇಬ್ಬರಿಂದಲೂ ಮುಚ್ಚಿಟ್ಟ, ಮಾಸ್ತಿ ನಮ್ಮ ಕಿವಿಯಲ್ಲಿ ಹೇಳಿದರು, ಚೆಕಾವ್ ತನಗೂ ಉತ್ತರ ಗೊತ್ತಿಲ್ಲ ಅನ್ನೋ ಹಾಗೆ ಸುಮ್ಮನಾದ.

ಆದರೆ ಈ ಸಲ ಓದುವಾಗ ಒಂದು ವಿಷಯ ಚುಚ್ಚಿತು. ರತ್ನಳಿಗೆ ಹನ್ನೊಂದು ವರ್ಷ. ಹೆಣ್ಣಿನ ಮದುವೆಗೆ ಕನಿಷ್ಠ ಹದಿನಾಲ್ಕು ಅಂದ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ, ಈ ಕಥೆ ಬಂದು ಎಷ್ಟೋ ವರ್ಷದ ಮೇಲೆ. ಕಾಲ ಹಾಗಿತ್ತು, ಸರಿ. ಆದರೆ ನಾನು ಇಷ್ಟು ಸಲ ಓದಿ ನಕ್ಕಿದ್ದೇನಲ್ಲ, ಆ ಹುಡುಗಿಗೆ ಇಷ್ಟ ಇತ್ತಾ ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಯಾಕೆ? ಗುಟ್ಟಿನಲ್ಲಿ ನನಗೂ ಪಾಲು ಸಿಕ್ಕಿತ್ತು. ಸಂಚಿನಲ್ಲಿ ಸೇರಿದವನು ಸಂಚನ್ನು ಪ್ರಶ್ನೆ ಮಾಡೋದಿಲ್ಲ. ಹಂದರಕ್ಕೆ ಅಷ್ಟು ಶಕ್ತಿ ಇದೆ. ನಾವು ಯಾರ ಪಕ್ಕ ನಿಲ್ಲಬೇಕು ಅನ್ನೋದನ್ನೂ ಅದೇ ತೀರ್ಮಾನ ಮಾಡಿಬಿಡುತ್ತೆ.

ನನ್ನ ಕಥೆ ಯಾಕೆ ಕೆಟ್ಟಿತು ಅಂತಲೂ ಆಗಲೇ ಹೊಳೀತು. ಅಜ್ಜಿಯ ಸಾವನ್ನು ಓದುಗನಿಂದ ಮುಚ್ಚಿಟ್ಟಿದ್ದೆ, ಬೆಚ್ಚಿಬೀಳಿಸೋಕೆ ಅಷ್ಟೇ. ಅಜ್ಜಿಯನ್ನು ಪಟಾಕಿ ಮಾಡಿದ್ದೆ. ಮೊನ್ನೆ ತಿದ್ದಿ ಬರೆದೆ. ಅಜ್ಜಿ ಇನ್ನಿಲ್ಲ ಅಂತ ಮೊದಲ ಸಾಲಲ್ಲೇ ಹೇಳಿಬಿಟ್ಟೆ. ಬಸ್ಸಿನಲ್ಲಿ ಕೂತು ಅವಳಿಗೆ ಅಂತ ಬೆಚ್ಚನೆ ಶಾಲು ಹಿಡ್ಕೊಂಡು ಬರ್ತಿರೋ ಮೊಮ್ಮಗನಿಗೆ ಮಾತ್ರ ಗೊತ್ತಿಲ್ಲ.

ಗೆಳೆಯ ಈ ಸಲ 'ಕಥೆ ಎಲ್ಲಿ' ಅಂತ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಹೋದ ವಾರವೇ ಹೊರಡಬಹುದಿತ್ತಲ್ವಾ?" ಅಂದ.

ನಿಮ್ಮ ಕಥೆಗಳಲ್ಲಿ ಗುಟ್ಟು ಯಾರ ಹತ್ತಿರ ಇರುತ್ತೆ? ಒಮ್ಮೆ ನೋಡ್ಕೊಳ್ಳಿ.