ಹಿಂಬದಿ ಎಂಜಿನ್ ವಾಹನಗಳ ಆಯಿಲ್ ಕೂಲರ್

ಎಂಜಿನ್ನಿನೊಳಗೆ ಸುತ್ತುವ ಆಯಿಲನ್ನು ತಣಿಸಲು ಬಳಸುವ ಚಿಕ್ಕ ರೇಡಿಯೇಟರ್‌ಗೆ ಆಯಿಲ್ ಕೂಲರ್ ಎಂದು ಹೆಸರು. ಎಂಜಿನ್ನಿನ ಮೈಗೇ ಜೋಡಿಸಿದ್ದರೆ ಅದು ಒಳ ಕೂಲರ್. ಪೈಪುಗಳನ್ನು ಎಳೆದು ಗಾಡಿಯ ಬೇರೆ ಕಡೆ ಕೂರಿಸಿದ್ದರೆ ಹೊರ ಕೂಲರ್. ಎಂಜಿನ್ ಮುಂದಿರುವ ಕಾರಿನಲ್ಲಿ ಓಟದ ಗಾಳಿ ನೇರವಾಗಿ ಬಂದು ಬಡಿಯುವುದರಿಂದ ಕೂಲರಿಗೆ ಜಾಗ ಹುಡುಕಬೇಕಾಗಿಲ್ಲ. ಎಂಜಿನ್ ಹಿಂದಿರುವ ಕಾರಿನಲ್ಲಿ ಎಂಜಿನ್ ಒಂದು ತುದಿಯಲ್ಲಿ, ಒಳ್ಳೆಯ ಗಾಳಿ ಇನ್ನೊಂದು ತುದಿಯಲ್ಲಿ. ಫೋಕ್ಸ್‌ವ್ಯಾಗನ್ ಬೀಟಲ್, ಪೋರ್ಷೆ 911, ಎನ್‌ಎಸ್‌ಯು ಮೊದಲಾದ ಹಳೆಯ ಕಾರುಗಳಲ್ಲಿ ಕೂಲರಿನ ಜಾಗ ಮತ್ತೆ ಮತ್ತೆ ಬದಲಾಗಲು ಈ ದೂರವೇ ಕಾರಣ. ಕಲ್ಯಾಣ ಕರ್ನಾಟಕದ ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಹಿಂಬದಿ ಎಂಜಿನ್ ಜನರಿಗೆ ಪರಿಚಯವಾದದ್ದು ಕಾರಿಗಿಂತ ಹೆಚ್ಚಾಗಿ ಆಟೋ ಮತ್ತು ಟಂಟಂ ಎಂಬ ಮೂರು ಚಕ್ರದ ಗಾಡಿಗಳಿಂದ.

ಅಗತ್ಯ ಮತ್ತು ಕೆಲಸದ ಬಗೆ

ಗಾಳಿಯಿಂದ ತಣಿಯುವ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇರುವುದಿಲ್ಲ. ಸಿಲಿಂಡರುಗಳ ರೆಕ್ಕೆಗಳ ಮೇಲೆ ಫ್ಯಾನ್ ಗಾಳಿ ಹಾಯಿಸುತ್ತದೆ. ಉಳಿದ ಶಾಖದ ಗಣನೀಯ ಪಾಲನ್ನು ಆಯಿಲೇ ಹೊತ್ತು ತರಬೇಕು. ಬೀಟಲ್ ಎಂಜಿನ್ನಿನಲ್ಲಿ ಹಿಡಿಯುವ ಆಯಿಲ್ ಸುಮಾರು ಎರಡೂವರೆ ಲೀಟರ್ ಮಾತ್ರ. ಇಷ್ಟು ಕಡಿಮೆ ಆಯಿಲ್ ಬೇಗ ಕಾಯುತ್ತದೆ, ಕಾದಂತೆ ತೆಳುವಾಗುತ್ತದೆ. ತೆಳುವಾದರೆ ಒತ್ತಡ ಇಳಿದು ಬೇರಿಂಗುಗಳ ನಡುವಿನ ಪದರ ಒಡೆಯುತ್ತದೆ. ಕೊನೆಗೆ ಎಂಜಿನ್ ಸೀಜ್ ಆಗುತ್ತದೆ.

ಆಯಿಲ್ ಅತಿಯಾಗಿ ತಣ್ಣಗಿರುವುದೂ ಹಾನಿಕರ. ತಣ್ಣನೆಯ ಆಯಿಲ್ ಮಂದವಾಗಿ ಹರಿಯುತ್ತದೆ, ಎಂಜಿನ್ನಿನೊಳಗೆ ಕೂಡಿದ ನೀರಿನ ಪಸೆ ಆವಿಯಾಗಿ ಹೋಗುವುದಿಲ್ಲ. ಸಾಮಾನ್ಯ ಓಟದಲ್ಲಿ 80ರಿಂದ 110 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಚೆನ್ನ. ಈ ಕಾರಣಕ್ಕೆ ಹೊರ ಕೂಲರಿನ ಜೊತೆ ಥರ್ಮೋಸ್ಟಾಟ್ ಇಡುವ ಪದ್ಧತಿ ಬೆಳೆಯಿತು. ಆಯಿಲ್ ಕಾಯುವವರೆಗೆ ಅದು ಕೂಲರಿನ ದಾರಿಯನ್ನು ಮುಚ್ಚಿರುತ್ತದೆ.

ಕೂಲರ್ ಎಷ್ಟು ಶಾಖ ಹೊರಹಾಕುತ್ತದೆ ಎಂಬುದು ಆಯಿಲಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ನೆಚ್ಚಿಕೊಂಡಿದೆ. ಆಯಿಲ್ 110 ಡಿಗ್ರಿ, ಗಾಳಿ 25 ಡಿಗ್ರಿ ಇದ್ದಾಗ ಅಂತರ 85 ಡಿಗ್ರಿ. ಗಾಳಿ 43 ಡಿಗ್ರಿಗೆ ಏರಿದರೆ ಅಂತರ 67ಕ್ಕೆ ಇಳಿಯುತ್ತದೆ. ಅದೇ ಕೂಲರ್, ಅದೇ ಗಾಳಿಯ ವೇಗ. ಆದರೂ ಕೆಲಸ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ. ಯುರೋಪಿನ ಹವೆಗೆ ಲೆಕ್ಕ ಹಾಕಿದ ಕೂಲರ್ ಕಲ್ಯಾಣ ಕರ್ನಾಟಕದ ಬೇಸಿಗೆಯಲ್ಲಿ ಸೋಲುವುದು ಇಲ್ಲಿ.

ಬೀಟಲ್: ಫ್ಯಾನ್ ಹೊದಿಕೆಯೊಳಗಿನ ಕೂಲರ್

ಫರ್ಡಿನಾಂಡ್ ಪೋರ್ಷೆ 1930ರ ದಶಕದಲ್ಲಿ ರೂಪಿಸಿದ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿದ್ದವು. ಆಯಿಲ್ ಕೂಲರನ್ನು ಎಂಜಿನ್ನಿನ ಮೇಲೆ, ಫ್ಯಾನಿನ ತಗಡು ಹೊದಿಕೆಯೊಳಗೆ ನೆಟ್ಟಗೆ ನಿಲ್ಲಿಸಲಾಗಿತ್ತು. ಪೈಪುಗಳಿಲ್ಲ, ಸೋರುವ ಜೋಡಣೆಗಳು ಕಡಿಮೆ, ಖರ್ಚೂ ಕಡಿಮೆ. ಆಯಿಲ್ ತಣ್ಣಗೆ ದಪ್ಪವಾಗಿದ್ದಾಗ ಒತ್ತಡದ ಕವಾಟವೊಂದು ತೆರೆದು ಅದನ್ನು ಕೂಲರಿಗೆ ಕಳಿಸದೆ ನೇರವಾಗಿ ಬೇರಿಂಗುಗಳಿಗೆ ತಿರುಗಿಸುತ್ತಿತ್ತು.

ಈ ಜಾಗಕ್ಕೆ ಒಂದು ದೋಷವಿತ್ತು. ಕೂಲರಿನ ಮೂಲಕ ಹಾಯ್ದು ಬಿಸಿಯಾದ ಗಾಳಿಯೇ ಅದರ ಕೆಳಗಿನ ಸಿಲಿಂಡರುಗಳಿಗೆ ತಲುಪುತ್ತಿತ್ತು. ಗಾಳಿಯ ಪ್ರಮಾಣವೂ ತಗ್ಗುತ್ತಿತ್ತು. ಮೂರನೆಯ ಸಿಲಿಂಡರ್ ಉಳಿದವುಗಳಿಗಿಂತ ಹೆಚ್ಚು ಕಾದು, ಅದರ ಎಗ್ಸಾಸ್ಟ್ ವಾಲ್ವ್ ಸುಡುವುದು ಬೀಟಲ್ ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ ರೋಗ. ಕೆಲವು ಡಿಸ್ಟ್ರಿಬ್ಯೂಟರ್‌ಗಳಲ್ಲಿ ಈ ಒಂದು ಸಿಲಿಂಡರಿನ ಕಿಡಿಯನ್ನು ತುಸು ತಡವಾಗಿ ಕೊಡುವ ಏರ್ಪಾಡನ್ನೂ ಮಾಡಲಾಗಿತ್ತು.

ಕಂಪನಿಯ ಪರಿಹಾರ ಬಂದದ್ದು 1971ರ ಮಾದರಿಯ 1600 ಎಂಜಿನ್ನಿನೊಂದಿಗೆ. ಕೂಲರನ್ನು ಹೊದಿಕೆಯ ಒಳಗಿನಿಂದ ಸರಿಸಿ, ಹೊದಿಕೆಗೆ ಅಂಟಿಸಿದ ಪ್ರತ್ಯೇಕ ಗೂಡಿನಲ್ಲಿ ಇಟ್ಟರು. ಫ್ಯಾನ್ ಗಾಳಿಯ ಒಂದು ಪಾಲು ಆ ಗೂಡಿಗೆ ಹೋಗಿ, ಬಿಸಿಯಾದ ಮೇಲೆ ಸಿಲಿಂಡರುಗಳ ಕಡೆ ಸುಳಿಯದೆ ತನ್ನದೇ ದಾರಿಯಲ್ಲಿ ಎಂಜಿನ್ ಕೋಣೆಯಿಂದ ಹೊರಬೀಳುತ್ತಿತ್ತು. ಗೂಡಿನ ಆಕಾರದಿಂದಾಗಿ ಇದಕ್ಕೆ ‘ಡಾಗ್‌ಹೌಸ್’ ಕೂಲರ್ ಎಂಬ ಹೆಸರು ಅಂಟಿತು. ಕೂಲರ್ ಸರಿದದ್ದು ಕೆಲವೇ ಅಂಗುಲ. ತಣಿಸುವ ಗಾಳಿ ಒಮ್ಮೆ ಬಿಸಿಯಾದರೆ ಮತ್ತೆ ಎಂಜಿನ್ನಿಗೆ ತಾಗಬಾರದೆಂಬ ನಿಯಮ ಅದರಿಂದ ಗಟ್ಟಿಯಾಯಿತು. 2003ರ ಜುಲೈ 30ರಂದು ಮೆಕ್ಸಿಕೋದ ಪ್ಯೂಬ್ಲಾದಲ್ಲಿ ಕೊನೆಯ ಬೀಟಲ್ ಹೊರಬರುವ ಹೊತ್ತಿಗೆ ತಯಾರಾದ ಒಟ್ಟು ಕಾರುಗಳು 2,15,29,464.

ಮೂತಿಯ ಕಡೆಗೆ: ಎನ್‌ಎಸ್‌ಯು ಮತ್ತು ಪೋರ್ಷೆ 911

ವೇಗ ಹೆಚ್ಚಿದಾಗ ಎಂಜಿನ್ ಕೋಣೆಯ ಗಾಳಿ ಸಾಲದಾಯಿತು. ಜರ್ಮನಿಯ ಎನ್‌ಎಸ್‌ಯು ಕಂಪನಿ 1967ರಲ್ಲಿ ಸ್ಪರ್ಧೆಗಳನ್ನು ಗಮನದಲ್ಲಿಟ್ಟು ತಂದ ಟಿಟಿಎಸ್ ಮಾದರಿಯಲ್ಲಿ ಎಂಜಿನ್ ಹಿಂದೆಯೇ ಉಳಿಯಿತು, ಆಯಿಲ್ ಕೂಲರ್ ಮಾತ್ರ ಮುಂದಿನ ಬಂಪರಿನ ಕೆಳಗೆ ಬಂತು. ಇಡೀ ಕಾರಿನುದ್ದಕ್ಕೂ ಪೈಪು ಎಳೆಯುವ ತೊಂದರೆಯನ್ನು ಒಳ್ಳೆಯ ಗಾಳಿಗಾಗಿ ಒಪ್ಪಿಕೊಂಡ ಕಾರು ಇದು.

ಇದೇ ದಾರಿಯಲ್ಲಿ ಬಹುಕಾಲ ನಡೆದದ್ದು ಪೋರ್ಷೆ 911. 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 901 ಎಂಬ ಹೆಸರಿನಿಂದ ಕಾಣಿಸಿಕೊಂಡ ಈ ಕಾರಿನಲ್ಲಿ ಆಯಿಲ್ ಎಂಜಿನ್ನಿನ ತಳದಲ್ಲಿ ನಿಲ್ಲದೆ ಪ್ರತ್ಯೇಕ ಟ್ಯಾಂಕಿನಲ್ಲಿ ಇರುತ್ತಿತ್ತು. ಮೊದಲ ಕಾರುಗಳಲ್ಲಿ ಎಂಜಿನ್ ಮೇಲಿನ ಕೂಲರೇ ಸಾಕಾಗಿತ್ತು. 1969ರ ಮಾದರಿಯ ಹೆಚ್ಚು ಶಕ್ತಿಯ 911 ಎಸ್‌ಗೆ ಇನ್ನೊಂದು ಕೂಲರನ್ನು ಬಲಗಡೆಯ ಮುಂದಿನ ಮಡ್‌ಗಾರ್ಡಿನ ಒಳಗೆ ಕೊಟ್ಟರು. ಆಯಿಲ್ ಪೈಪುಗಳು ಬಾಗಿಲ ಕೆಳಗಿನ ಅಂಚಿನ ಗುಂಟ ಹಿಂದಿನಿಂದ ಮುಂದಕ್ಕೆ ಓಡುತ್ತಿದ್ದವು. ಆ ಉದ್ದದ ಲೋಹದ ಪೈಪು ತಾನೂ ಸ್ವಲ್ಪ ಶಾಖ ಬಿಡುತ್ತಿತ್ತು. 1970ರ ದಶಕದ ಹಲವು ಕಾರುಗಳಲ್ಲಿ ಅದೇ ಜಾಗದಲ್ಲಿ ಬಳಸಿದ್ದು ಬಾಗಿಸಿದ ಬರೀ ಕೊಳವೆಯ ಸುರುಳಿ. ವಾದ್ಯದ ಆಕಾರ ಹೋಲುವುದರಿಂದ ಅದನ್ನು ‘ಟ್ರಾಂಬೋನ್’ ಎಂದು ಕರೆದರು. ಬಳಿಕ ರೆಕ್ಕೆಗಳಿರುವ ಕೂಲರ್, ಅನಂತರ ಅದಕ್ಕೊಂದು ವಿದ್ಯುತ್ ಫ್ಯಾನ್ ಸೇರಿದವು. ಸ್ಪರ್ಧೆಯ ಕಾರುಗಳಲ್ಲಿ ಕೂಲರನ್ನು ಮುಂದಿನ ಬಂಪರಿನ ನಟ್ಟನಡುವೆಯೇ ತೆರೆದಿಟ್ಟರು.

ಆಯಿಲ್ ಟ್ಯಾಂಕಿನ ಜಾಗವೂ ಒಮ್ಮೆ ಎಡವಟ್ಟು ಮಾಡಿತು. 1972ರ ಮಾದರಿಯಲ್ಲಿ ಟ್ಯಾಂಕನ್ನು ಬಲ ಹಿಂಗಾಲಿಯ ಮುಂದಕ್ಕೆ ತಂದು, ಆಯಿಲ್ ಹಾಕಲು ಹೊರಮೈಯಲ್ಲಿ ಮುಚ್ಚಳ ಇಟ್ಟಿದ್ದರು. ಬಂಕಿನವರು ಪೆಟ್ರೋಲ್ ಮುಚ್ಚಳವೆಂದು ಭ್ರಮಿಸುತ್ತಿದ್ದರೆಂದು ಹೇಳುತ್ತಾರೆ. ಮರುವರ್ಷವೇ ಟ್ಯಾಂಕ್ ಹಳೆಯ ಜಾಗಕ್ಕೆ ಮರಳಿತು. 1998ರಲ್ಲಿ ಗಾಳಿಯಿಂದ ತಣಿಯುವ 911ರ ತಯಾರಿಕೆ ನಿಂತು, ನೀರು ಆ ಕೆಲಸವನ್ನು ವಹಿಸಿಕೊಂಡಿತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ದೀರ್ಘಕಾಲ ಓಡಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎರಡೂ ಮುಂಬದಿ ಎಂಜಿನ್ನಿನವು. ಹಿಂಬದಿ ಎಂಜಿನ್ ಇಲ್ಲಿ ಕಡಿಮೆ ಬೆಲೆಯ ಗಾಡಿಯ ಹುಡುಕಾಟದ ಜೊತೆ ಬಂತು. ಕರ್ನಾಟಕದ ಗಡಿಗೆ ಹತ್ತಿರದ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ನಿರ್ಮಿಸಿದ ‘ಮೀರಾ’ ಎಂಬ ಪುಟ್ಟ ಕಾರಿನಲ್ಲಿ ಎಂಜಿನ್ ಹಿಂದಿತ್ತು. ಅದು ಮಾದರಿಯ ಹಂತ ದಾಟಿ ಮಾರುಕಟ್ಟೆಗೆ ಬರಲಿಲ್ಲ. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ‘ಬಾದಲ್’ ಎಂಬ ಮೂರು ಚಕ್ರದ ಫೈಬರ್‌ಗ್ಲಾಸ್ ಕಾರನ್ನು ತಯಾರಿಸಿತು. ಅದರ ಹಿಂಬದಿಯಲ್ಲಿದ್ದದ್ದು 198 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್. ಇದೇ ಕಂಪನಿ ಮುಂದೆ ಸಿಪಾನಿ ಎಂಬ ಹೆಸರಿನಲ್ಲಿ ‘ಡಾಲ್ಫಿನ್’ ಕಾರನ್ನು ತಂದಾಗ ಎಂಜಿನ್ ಮುಂದಕ್ಕೆ ಹೋಯಿತು.

2008ರ ಜನವರಿ 10ರಂದು ದೆಹಲಿಯಲ್ಲಿ ಅನಾವರಣಗೊಂಡು 2009ರಲ್ಲಿ ಮಾರಾಟಕ್ಕೆ ಬಂದ ಟಾಟಾ ನ್ಯಾನೋ ಹಿಂಬದಿ ಎಂಜಿನ್ನಿನ ಅತಿ ಹೆಸರಾದ ಭಾರತೀಯ ಕಾರು. ಅದರ 624 ಸಿಸಿ, ಎರಡು ಸಿಲಿಂಡರಿನ ಎಂಜಿನ್ ನೀರಿನಿಂದ ತಣಿಯುತ್ತಿತ್ತು. ಹಿಂಗಾಲಿಗಳ ಮುಂದಿನ ಬದಿಯ ಕಿಂಡಿಗಳು ಎಂಜಿನ್ ಕೋಣೆಗೆ ಗಾಳಿ ಎಳೆಯುತ್ತಿದ್ದವು.

ಬಾದಲ್ ಮತ್ತು ನ್ಯಾನೋ ಎರಡೂ ಹೊರ ಕೂಲರಿನ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ತಪ್ಪಿಸಿಕೊಂಡವು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಆಯಿಲ್ ಪೆಟ್ರೋಲಿನ ಜೊತೆ ಬೆರೆತು ಹೋಗಿ ಉರಿದುಬಿಡುತ್ತದೆ, ಸುತ್ತುವುದೇ ಇಲ್ಲ. ತಣಿಸಲು ಆಯಿಲೇ ಉಳಿಯುವುದಿಲ್ಲ. ನ್ಯಾನೋದಲ್ಲಿ ಶಾಖ ಹೊರುವ ಕೆಲಸ ಮುಖ್ಯವಾಗಿ ನೀರಿನದು.

ಯಾದಗಿರಿ, ಶಹಾಪುರ, ಸುರಪುರ

ಈ ಮೂರೂ ಪಟ್ಟಣಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ರಾಜ್ಯದ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳಿಂದ ಸರ್ಕಾರಿ ರಸ್ತೆ ಸಾರಿಗೆ ಆರಂಭಿಸಿತು. ಅವು ಮುಂಬದಿ ಎಂಜಿನ್ನಿನ ಗಾಡಿಗಳು. ಬಸ್ಸು, ಲಾರಿ, ಜೀಪು, ಟ್ರ್ಯಾಕ್ಟರ್ ಎಲ್ಲದರಲ್ಲೂ ಎಂಜಿನ್ ಮುಂದಿದ್ದು ಮೂತಿಯಲ್ಲಿ ರೇಡಿಯೇಟರ್ ಇರುವುದೇ ಇಲ್ಲಿನ ರೂಢಿಯಾಯಿತು.

ಆ ರೂಢಿಯನ್ನು ಮುರಿದದ್ದು ಆಟೋ. ಬಜಾಜ್ ಆಟೋ ಕಂಪನಿ 1977ರಲ್ಲಿ ಹಿಂಬದಿ ಎಂಜಿನ್ನಿನ ಆಟೋರಿಕ್ಷಾವನ್ನು ಹೊರತಂದಿತು. ಪ್ರಯಾಣಿಕರ ಸೀಟಿನ ಹಿಂದೆ ಹುದುಗಿದ ಎಂಜಿನ್ನಿಗೆ ಓಟದ ಗಾಳಿ ತಾಗುವುದಿಲ್ಲ. ಎಂಜಿನ್ನಿನದೇ ಫ್ಯಾನ್ ಗಾಳಿ ಎಳೆದು ತಗಡು ಹೊದಿಕೆಯ ಮೂಲಕ ಸಿಲಿಂಡರಿನ ರೆಕ್ಕೆಗಳ ಮೇಲೆ ಹಾಯಿಸುತ್ತದೆ. ತತ್ವ ಬೀಟಲಿನದೇ. ಎರಡು ಸ್ಟ್ರೋಕಿನ ಆಟೋಗಳು ಹಿಂದೆ ಸರಿದು ನಾಲ್ಕು ಸ್ಟ್ರೋಕಿನವು ಬಂದ ಮೇಲೆ ಎಂಜಿನ್ನಿನಲ್ಲಿ ಆಯಿಲ್ ಸುತ್ತತೊಡಗಿತು, ಅದರ ಮಟ್ಟ ಮತ್ತು ಉಷ್ಣತೆ ಚಾಲಕನ ಚಿಂತೆಯಾದವು. ಹಳ್ಳಿಗಳ ನಡುವೆ ಓಡುವ ಟಂಟಂಗಳ ಪೈಕಿ ಪಿಯಾಜಿಯೋ ಆಪೆ ಮಾದರಿಯವು ಹಿಂಬದಿಯಲ್ಲಿ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ ಹೊತ್ತು ಬಂದವು. ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋಗುವ ಕೂಲಿಕಾರರನ್ನು ತುಂಬಿಕೊಂಡು ನಿಧಾನವಾಗಿ ಏರು ಹತ್ತುವ ಟಂಟಂ ಎಂಜಿನ್ನಿನ ಮೇಲೆ ಹೊರೆ ಹೆಚ್ಚು. ಸುತ್ತು ಕಡಿಮೆಯಾದಾಗ ಫ್ಯಾನಿನ ಗಾಳಿಯೂ ಕಡಿಮೆ. ಹಿಂಬದಿ ಎಂಜಿನ್ನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ.

2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟು ರಚನೆಯಾದ ಯಾದಗಿರಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಕಾದ ಡಾಂಬರಿನ ಹತ್ತಿರದ ಗಾಳಿ ಅದಕ್ಕಿಂತ ಬಿಸಿ. ಕೃಷ್ಣೆಯ ನಾರಾಯಣಪುರ ಎಡದಂಡೆ ಕಾಲುವೆಯಿಂದ ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ನೀರಾವರಿ ಬಂದರೂ ಎರೆ ಮಣ್ಣಿನ ನುಣ್ಣನೆಯ ಧೂಳು ಹೋಗಿಲ್ಲ. ಸುಗ್ಗಿಯ ದಿನಗಳಲ್ಲಿ ಹತ್ತಿಯ ಎಳೆ, ಭತ್ತದ ಹೊಟ್ಟು ಗಾಳಿಯಲ್ಲಿ ತೇಲುತ್ತವೆ. ಎಲ್ಲಾದರೂ ಆಯಿಲ್ ಜಿನುಗಿದ ಕೂಲರಿನ ರೆಕ್ಕೆಗಳಿಗೆ ಇವು ಮೆತ್ತಿಕೊಂಡರೆ ಗಾಳಿಯ ದಾರಿಯೇ ಮುಚ್ಚುತ್ತದೆ. ಇಲ್ಲಿ ಕೂಲರಿನ ಜಾಗ ಆರಿಸುವಾಗ ಗಾಳಿ ಸಿಗುತ್ತದೆಯೇ ಎಂಬುದರಷ್ಟೇ ಮುಖ್ಯವಾದದ್ದು, ಅದನ್ನು ಬಿಚ್ಚದೆ ತೊಳೆಯಲು ಕೈ ಹೋಗುತ್ತದೆಯೇ ಎಂಬುದು.

ಹೊರ ಕೂಲರ್ ಕೂರಿಸುವ ಜಾಗಗಳು

ಬೀಟಲ್ ಮಾದರಿಯ ಹಳೆಯ ಕಾರುಗಳಲ್ಲಿ ಐದು ಜಾಗಗಳು ಬಳಕೆಗೆ ಬಂದಿವೆ.

ಫ್ಯಾನಿನ ಬಾಯಿಯ ಎದುರು: ಪೈಪು ಚಿಕ್ಕದು, ಪ್ರತ್ಯೇಕ ಫ್ಯಾನ್ ಬೇಡ. ಆದರೆ ಕೂಲರಿನ ಬಿಸಿ ಗಾಳಿಯನ್ನೇ ಸಿಲಿಂಡರುಗಳು ಉಸಿರಾಡಬೇಕಾಗುತ್ತದೆ. ಹಳೆಯ ದೋಷವನ್ನು ಮರಳಿ ತರುವ ಈ ಜಾಗ ಎಲ್ಲಕ್ಕಿಂತ ಕೆಟ್ಟದ್ದು.

ಹಿಂದಿನ ಬಂಪರಿನ ಕೆಳಗೆ: ಅಳವಡಿಸುವುದು ಸುಲಭ. ಸೈಲೆನ್ಸರಿನ ಕಾವು, ಚಕ್ರಗಳು ಎಬ್ಬಿಸುವ ಧೂಳು, ಹಿಂದಿನಿಂದ ಗುದ್ದುವ ಗಾಡಿ ಮೂರೂ ಅಪಾಯ.

ಹಿಂದಿನ ಮಡ್‌ಗಾರ್ಡಿನ ಒಳಗೆ: ಎಂಜಿನ್ನಿಗೆ ಹತ್ತಿರ. ಕಲ್ಲು, ಕೆಸರು ತಡೆಯಲು ಜಾಲರಿ ಮತ್ತು ಗಾಳಿ ಎಳೆಯಲು ವಿದ್ಯುತ್ ಫ್ಯಾನ್ ಬೇಕೇ ಬೇಕು.

ಗೇರ್‌ಬಾಕ್ಸಿನ ಮೇಲೆ: ಎಂಜಿನ್ನಿನ ಮುಂದಿನ ಈ ಪೊಳ್ಳು ಜಾಗ ಕಲ್ಲಿನೇಟಿಗೆ ಮರೆಯಾಗಿದೆ, ಪೈಪೂ ಚಿಕ್ಕದು. ಓಟದ ಗಾಳಿ ಇಲ್ಲಿ ಸಾಲದು. ಫ್ಯಾನ್ ಮತ್ತು ಗಾಳಿ ಹೊರಹೋಗುವ ದಾರಿ ಎರಡನ್ನೂ ಕೊಡಬೇಕು.

ಕಾರಿನ ಮೂತಿಯಲ್ಲಿ: ಹೊಸ, ತಣ್ಣನೆಯ ಗಾಳಿ ಧಾರಾಳ. ಹೋಗಿಬರಲು ಹಲವು ಮೀಟರ್ ಪೈಪು ಬೇಕು. ಪೈಪು ಸಣ್ಣದಾದರೆ ಆಯಿಲ್ ಒತ್ತಡ ಇಳಿಯುತ್ತದೆ, ದಪ್ಪನಾದರೆ ಗಾಡಿಯ ಅಡಿಯಲ್ಲಿ ಜಾಗ ಹಿಡಿಯುತ್ತದೆ. ಜೋಡಣೆಗಳು ಹೆಚ್ಚಿದಷ್ಟೂ ಸೋರುವ ಭಯ. ಪೈಪು ಮತ್ತು ಕೂಲರಿನಲ್ಲಿ ಹೆಚ್ಚುವರಿ ಆಯಿಲ್ ಹಿಡಿಯುವುದು ಮಾತ್ರ ಲಾಭವೇ.

ಎಲ್ಲಿ ಕೂರಿಸಿದರೂ ಪೈಪಿನ ಬಾಯಿಗಳು ಮೇಲ್ಮುಖವಾಗಿದ್ದರೆ ಎಂಜಿನ್ ನಿಂತಾಗ ಕೂಲರಿನ ಆಯಿಲ್ ಬಸಿದು ಹೋಗುವುದಿಲ್ಲ. ಕೂಲರನ್ನು ರಬ್ಬರ್ ಬುಷ್‌ಗಳ ಮೇಲೆ ಕೂರಿಸಿದರೆ ಅದುರುವಿಕೆಗೆ ಬೆಸುಗೆ ಬಿಡುವುದಿಲ್ಲ. ಎಂಜಿನ್ ನಿಲ್ಲಿಸಿದೊಡನೆ ಆಯಿಲ್ ಪಂಪೂ ನಿಲ್ಲುವುದರಿಂದ, ಆಮೇಲೆ ಕೂಲರಿನ ಫ್ಯಾನ್ ಓಡಿಸಿ ಹೆಚ್ಚಿನ ಫಲವಿಲ್ಲ. ದೂರ ಓಡಿಸಿ ಬಂದ ಕಾರನ್ನು ಒಂದೆರಡು ನಿಮಿಷ ನಿಧಾನ ಸುತ್ತಿನಲ್ಲಿ ಬಿಟ್ಟು ನಿಲ್ಲಿಸುವುದು ಲೇಸು.

ಕಾನೂನು ಮತ್ತು ಮೂಲಸ್ವರೂಪ

ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮು ನೋಂದಾಯಿತ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವಿಂಟೇಜ್ ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲಸ್ವರೂಪದಲ್ಲಿ ಉಳಿದ ಕಾರು ಮತ್ತು ದ್ವಿಚಕ್ರ ವಾಹನಗಳು ಈ ವರ್ಗಕ್ಕೆ ಸೇರುತ್ತವೆ. ಚಾಸಿ, ಹೊರಮೈ ಅಥವಾ ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಇವುಗಳ ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳು ಇರುತ್ತವೆ. ಹೀಗಾಗಿ ಕೂಲರಿಗಾಗಿ ಮೂತಿಯ ತಗಡು ಕತ್ತರಿಸುವುದಕ್ಕಿಂತ, ಇರುವ ಬೋಲ್ಟ್ ತೂತುಗಳನ್ನೇ ಬಳಸಿ ಬೇಕೆಂದಾಗ ಕಳಚಬಹುದಾದ ಬ್ರಾಕೆಟ್ ಮಾಡಿಸುವುದು ಉಚಿತ.

ಹಳೆಯ ಬೀಟಲನ್ನು ಈ ಭಾಗದ ಬೇಸಿಗೆಯಲ್ಲಿ ಓಡಿಸುವವರು ಹೊರ ಕೂಲರ್ ಕೊಳ್ಳುವ ಮೊದಲು ಫ್ಯಾನ್ ಹೊದಿಕೆಯ ತಗಡು, ರಬ್ಬರ್ ಪಟ್ಟಿಗಳು, ಬೆಲ್ಟ್ ಮತ್ತು ಒಳ ಕೂಲರಿನ ರೆಕ್ಕೆಗಳನ್ನು ಸರಿಪಡಿಸಿಕೊಳ್ಳಬೇಕು. ಆಮೇಲೂ ಆಯಿಲ್ ಕಾಯುತ್ತಿದ್ದರೆ, ಊರೊಳಗಿನ ಮತ್ತು ಹತ್ತಿರದ ಓಡಾಟಕ್ಕೆ ಗೇರ್‌ಬಾಕ್ಸಿನ ಮೇಲೆ ಫ್ಯಾನ್, ಥರ್ಮೋಸ್ಟಾಟ್ ಸಹಿತ ಕೂರಿಸಿದ ಕೂಲರ್ ಸಾಕು. ಮೂತಿಯ ಕೂಲರ್ ಬೇಕಾಗುವುದು ದೂರದ ವೇಗದ ಓಟಕ್ಕೆ ಮತ್ತು ಸ್ಪರ್ಧೆಗೆ ಮಾತ್ರ.